ದುರ್ಗಿಯ ಮಿಸ್ಸಿಂಗ್

ಲಾರಿಗಳು ಹೊಗೆ ಬಿಡುವುದನ್ನು ನಿಲ್ಲಿಸಿದ ಮೇಲೆ ಅವುಗಳ ಕಾಯಿಲೆ ಕಣ್ಣಿಗೆ ಕಾಣದಂತಾಯಿತು. ಡೀಸೆಲ್ ಕಾಲದಲ್ಲಿ ಹಾಗಿರಲಿಲ್ಲ. ಕಪ್ಪು ಹೊಗೆ ಬಂದರೆ ಒಂದು ರೋಗ, ಬಿಳಿ ಹೊಗೆ ಬಂದರೆ ಇನ್ನೊಂದು, ನೀಲಿ ಬಂದರೆ ಮಾಲೀಕನ ಮುಖವೂ ನೀಲಿ. ಚಹಾದಂಗಡಿಯ ಬೆಂಚಿನ ಮೇಲೆ ಕೂತವನೂ ಹೋಗುವ ಲಾರಿಯ ಬಾಲ ನೋಡಿ ಔಷಧ ಹೇಳುತ್ತಿದ್ದ. ಆಮೇಲೆ ಡೀಸೆಲ್ ನಿಂತಿತು. ಗದಗಿನ ಗುಡ್ಡದ ಗಾಳಿಯಂತ್ರಗಳ ಕರೆಂಟಿನಿಂದ ನೀರನ್ನು ಒಡೆದು ಜಲಜನಕ ತೆಗೆದರು. ಗಟ್ಟಿಮುಟ್ಟಾದ ಹಳೆಯ ಲಾರಿಗಳನ್ನು ಗುಜರಿಗೆ ಹಾಕುವ ಬದಲು ಅವುಗಳ ಎಂಜಿನ್ ಬಿಚ್ಚಿ, ಕಿಡಿ ಹೊತ್ತಿಸುವ ಪ್ಲಗ್ಗು ಕಾಯಿಲುಗಳನ್ನು ಕೂರಿಸಿ, ಜಲಜನಕ ಉರಿಸುವಂತೆ ಮಾರ್ಪಡಿಸಿದರು. ಹೊಗೆಯ ಜಾಗದಲ್ಲಿ ಈಗ ನೀರಿನ ಆವಿ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಯಾರ ಗುಟ್ಟನ್ನೂ ಬಿಟ್ಟುಕೊಡುವುದಿಲ್ಲ.

ಆದ್ದರಿಂದ ಒಂದು ಕಿವಿ ಬೇಕಾಯಿತು.

ಹುಬ್ಬಳ್ಳಿಯ ಆಲಿಕೆ ಕೇಂದ್ರದಲ್ಲಿದ್ದ ಆ ಯಂತ್ರಕ್ಕೆ ಕಾಗದದ ಮೇಲೆ ಮಾರುದ್ದದ ಹೆಸರಿತ್ತು. ಎಲ್ಲರೂ ಕರೆಯುವುದು ಮಾತ್ರ ಕಿವಿ ಎಂದೇ. ಮಾರ್ಪಡಿಸಿದ ಪ್ರತಿ ಎಂಜಿನ್ನಿನ ಮೈಗೂ ಅಂಗಿಯ ಗುಂಡಿಯಷ್ಟು ದೊಡ್ಡ ತುಣುಕೊಂದನ್ನು ಅಂಟಿಸಿರುತ್ತಿದ್ದರು. ಅದು ಸಿಲಿಂಡರುಗಳ ಬಡಿತ ಕೇಳಿಸಿಕೊಂಡು ಕೇಂದ್ರಕ್ಕೆ ಕಳಿಸುತ್ತಿತ್ತು. ಕೇಂದ್ರದ ಗೋಡೆಯ ತುಂಬ ಹಸಿರು ದೀಪಗಳು. ಒಂದೊಂದು ದೀಪವೂ ಎಲ್ಲೋ ದಾರಿಯ ಮೇಲಿರುವ ಒಂದು ಲಾರಿ. ದೀಪದ ಪಕ್ಕದಲ್ಲಿ ಸಾಸಿವೆಯಷ್ಟು ಹಳದಿ ಚುಕ್ಕೆ. ಆ ಲಾರಿಯ ಬಾನೆಟ್ ತೆರೆದಾಗ ಅದು ಹೊತ್ತಿಕೊಳ್ಳುತ್ತಿತ್ತು.

ಇಷ್ಟೆಲ್ಲ ಕಾವಲು ಸುಮ್ಮನೆ ಇಟ್ಟದ್ದಲ್ಲ. ಜಲಜನಕಕ್ಕೆ ಒಂದು ಕೆಟ್ಟ ಚಾಳಿಯಿದೆ. ಸಿಲಿಂಡರಿನೊಳಗೆ ಕಿಡಿ ಹತ್ತದೆ ಹೋದರೆ ಉರಿಯದೆ ಉಳಿದ ಅನಿಲ ಸೈಲೆನ್ಸರಿಗೆ ಹೋಗಿ ಕೂರುತ್ತದೆ, ಅಲ್ಲಿನ ಬಿಸಿಗೆ ಒಮ್ಮೆಲೇ ಹೊತ್ತಿಕೊಂಡರೆ ಸೈಲೆನ್ಸರ್ ಸಿಡಿಯುತ್ತದೆ. ಮೊದಲ ವರ್ಷ ಹಾಗೆ ಸಿಡಿದ ಒಂದು ಸೈಲೆನ್ಸರ್ ಒಬ್ಬ ಡ್ರೈವರನ ಕಾಲು ತೆಗೆದುಕೊಂಡಿತ್ತು. ಅಂದಿನಿಂದ ನಿಯಮ ಬಿಗಿಯಾಯಿತು. ಬಡಿತ ತಪ್ಪುವುದು ಮಿತಿ ಮೀರಿದರೆ ಕಿವಿ ಯಾರನ್ನೂ ಕೇಳದೆ ಅನಿಲದ ಕವಾಟ ಮುಚ್ಚುತ್ತದೆ, ಲಾರಿ ಇದ್ದಲ್ಲೇ ನಿಲ್ಲುತ್ತದೆ. ಹೀಗೆ ಮೂರು ಸಲ ಮುಚ್ಚಿಸಿಕೊಂಡ ಎಂಜಿನ್ನಿಗೆ ಶಾಶ್ವತ ಬೀಗ. ಆಮೇಲೆ ಅದು ಗುಜರಿಗೇ ಹೋಗಬೇಕು.

ಬಡಿತ ತಪ್ಪಿದಾಗ ಕಿವಿಯ ಪರದೆಯ ಮೇಲೆ 'ದಹನಲೋಪ' ಎಂದು ಮೂಡುತ್ತಿತ್ತು. ಆ ಪದವನ್ನು ಕಟ್ಟಿದ ಪಂಡಿತರು ಯಾರೋ, ಅವರನ್ನು ಬಿಟ್ಟು ಇನ್ನೊಬ್ಬರ ಬಾಯಲ್ಲಿ ಅದು ಆಡಿದ್ದಿಲ್ಲ. ಡ್ರೈವರು, ಮಿಸ್ತ್ರಿ, ಕೊನೆಗೆ ಕೇಂದ್ರದ ಎಂಜಿನಿಯರುಗಳು ಕೂಡ ಹೇಳುತ್ತಿದ್ದುದು ಒಂದೇ ಮಾತು: ಗಾಡಿ ಮಿಸ್ಸಿಂಗ್ ಹೊಡೆಯುತ್ತಿದೆ.

ಆ ಬೆಳಿಗ್ಗೆ ಮಿಸ್ಸಿಂಗ್ ಹೊಡೆದದ್ದು ದುರ್ಗಿ.

ಕೇಂದ್ರದ ಎಂಜಿನಿಯರ್ ನೀಲಾಂಬಿಕಾ ಚಹಾದ ಲೋಟ ಕೆಳಗಿಡುವಷ್ಟರಲ್ಲಿ ಹಸಿರು ದೀಪ ಕೆಂಪಾಗಿ, ಕೆಂಪು ದೀಪ ಆರಿಯೇ ಹೋಯಿತು. ಕವಾಟ ಮುಚ್ಚಿತ್ತು. ಪರದೆಯ ಮೇಲೆ ಮೂರನೆಯ ಸಿಲಿಂಡರ್ ಎಂದಿತ್ತು. ಹೋದ ತಿಂಗಳೂ ಇದೇ ಸಿಲಿಂಡರ್, ಬ್ಯಾಡಗಿ ಬಿಟ್ಟು ಹೆದ್ದಾರಿ ಸೇರುವ ಇದೇ ಜಾಗ. ಅಂದರೆ ಇದು ಎರಡನೆಯ ಸಲ.

ಫೋನು ಬಡಿದುಕೊಂಡಿತು. ಫಕ್ಕೀರಪ್ಪ, ದುರ್ಗಿಯ ಮಾಲೀಕನೂ ಅವನೇ, ಡ್ರೈವರನೂ ಅವನೇ.

"ಮೇಡಂರಿ, ಮತ್ತ ಮುಚ್ಚಿತು ನೋಡ್ರಿ. ಮೋಟೆಬೆನ್ನೂರ ಇನ್ನೂ ದಾಟಿಲ್ಲ. ಮ್ಯಾಲೆ ಮೆಣಸಿನಕಾಯಿ ಚೀಲ ಅದಾವು, ಹಿಂದ ಗಾಡಿಗೋಳು ಹಾರ್ನ್ ಹೊಡ್ಯಾಕತ್ತಾವು."

"ಕಾಕಾ, ನೀವು ಕೆಳಗ ಇಳದು ದೂರ ನಿಂದರ್ರಿ. ಗಾಡಿ ತರಾಕ ಕಳಸ್ತೇನಿ."

"ಇನ್ನೊಂದ ಸಲ ಮುಚ್ಚಿದ್ರ ಮುಗೀತೇನ್ರಿ ಇದರ ಕಥಿ?"

ನೀಲಾಂಬಿಕಾ ಫೋನಿಟ್ಟು ಎಳೆದು ತರುವ ಗಾಡಿಯನ್ನು ಕಳಿಸಿದಳು. ದುರ್ಗಿ ಅವಳ ಕೈಯಿಂದ ಮಾರ್ಪಟ್ಟ ಮೊದಲ ಲಾರಿ. ಉದ್ದ ಮೂತಿಯ ಹಳೆಯ ಗಾಡಿ. ಹಣೆಯ ಮೇಲೆ 'ಶ್ರೀ ದುರ್ಗವ್ವ ಪ್ರಸನ್ನ' ಎಂದು ಬರೆಸಿದ್ದರಿಂದ ಊರವರ ಬಾಯಲ್ಲಿ ಅದು ದುರ್ಗಿಯಾಗಿತ್ತು. ಕೆಲಸ ಮುಗಿಸಿ ಗಾಡಿಯನ್ನು ಒಪ್ಪಿಸಿದ ದಿನ ಫಕ್ಕೀರಪ್ಪನ ಹೆಂಡತಿ ಹೊನ್ನವ್ವ ತಟ್ಟೆಯಲ್ಲಿ ಕಾಯಿ, ಊದಿನಕಡ್ಡಿ ಹಿಡಿದು ಬ್ಯಾಡಗಿಯಿಂದ ಬಂದಿದ್ದಳು. ನೀಲಾಂಬಿಕಾ ಬಾನೆಟ್ ಎತ್ತಿ, ಇದು ಇಂಥದ್ದು, ಅದು ಅಂಥದ್ದು ಎಂದು ಗಂಡ ಹೆಂಡತಿ ಇಬ್ಬರಿಗೂ ಬೆರಳಿಟ್ಟು ತೋರಿಸಿದ್ದಳು. ಆ ದಂಪತಿಗೆ ಮಕ್ಕಳಿರಲಿಲ್ಲ. ಇದ್ದದ್ದು ಆ ಗಾಡಿ ಒಂದೇ. ಅದು ಹೋದರೆ ಫಕ್ಕೀರಪ್ಪ ಮಂಡಿಯಲ್ಲಿ ಚೀಲ ಹೊರಬೇಕು, ಅವನ ಬೆನ್ನಿಗೆ ಆ ವಯಸ್ಸು ದಾಟಿತ್ತು.

ಕೇಂದ್ರದ ಮುಖ್ಯಸ್ಥರಾದ ಪ್ರಹ್ಲಾದ ಮುಳಗುಂದರು ಆರಿದ ದೀಪದ ಕೆಳಗೆ ಬಂದು ನಿಂತರು. ಕಾಲು ಕಳೆದುಕೊಂಡ ಡ್ರೈವರನನ್ನು ಆಸ್ಪತ್ರೆಯಲ್ಲಿ ನೋಡಿ ಬಂದ ದಿನದಿಂದ ಅವರು ನಿಯಮದ ವಿಷಯದಲ್ಲಿ ಯಾರ ಮಾತೂ ಕೇಳುತ್ತಿರಲಿಲ್ಲ.

"ನೀಲಾ, ನನಗೂ ಕೆಟ್ಟ ಅನ್ನಸ್ತದ. ಆದ್ರ ಫಕ್ಕೀರಪ್ಪನ ಕಾಲು ದೊಡ್ಡದೋ, ಗಾಡಿ ದೊಡ್ಡದೋ?"

"ಕಾಲು ಸರ್."

"ಹಂಗಾದ್ರ ರೋಗ ಹುಡುಕು. ಬೀಗ ಹಾಕಲಿಕ್ಕೆ ನನಗ ಕೈ ಬರ್ತದ, ಆದ್ರ ಖುಷಿ ಇಲ್ಲ."

ದುರ್ಗಿಯನ್ನು ಹುಬ್ಬಳ್ಳಿಗೆ ಎಳೆದು ತಂದರು. ಮೈ ತೊಳೆದು ಪರೀಕ್ಷೆಯ ಕಟ್ಟೆಗೆ ಹತ್ತಿಸಿದರು. ನೀಲಾಂಬಿಕಾ ಪ್ಲಗ್ ಬದಲಿಸಿದಳು, ಕಾಯಿಲ್ ಬದಲಿಸಿದಳು, ಅನಿಲ ಚಿಮ್ಮುವ ಸೂಜಿ ಬದಲಿಸಿದಳು, ಎದೆಯೊಳಗಿನ ಅನುಮಾನ ಹೋಗದೆ ವೈರುಗಳನ್ನೂ ಬದಲಿಸಿದಳು. ಎಂಜಿನ್ ಚಾಲೂ ಮಾಡಿದರೆ ಆರಕ್ಕೆ ಆರೂ ಸಿಲಿಂಡರುಗಳು ಭಜನಾ ಮಂಡಳಿಯವರ ಹಾಗೆ ಒಂದೇ ತಾಳಕ್ಕೆ ಬಡಿದವು. ಭಾರ ಹೇರಿದರೂ ಅಷ್ಟೇ, ಬಿಸಿ ಏರಿಸಿದರೂ ಅಷ್ಟೇ. ಒಂದು ವಾರ ಕಟ್ಟೆಯ ಮೇಲಿಟ್ಟರೂ ಒಂದೇ ಒಂದು ಮಿಸ್ಸಿಂಗ್ ಇಲ್ಲ. ಡಾಕ್ಟರ ಮುಂದೆ ಕೂತ ಕೂಡಲೇ ಹಲ್ಲುನೋವು ಮಾಯವಾಗುವುದುಂಟಲ್ಲ, ಹಾಗಾಯಿತು. ಫಕ್ಕೀರಪ್ಪ ಖುಷಿಯಿಂದ ಗಾಡಿ ತೆಗೆದುಕೊಂಡು ಊರಿಗೆ ಹೋದ.

ಊರಿಗೆ ಹೋದ ಮೂರನೆಯ ಬೆಳಿಗ್ಗೆ ಕಿವಿ ಮತ್ತೆ ಗೊಣಗಲು ಶುರುಮಾಡಿತು. ಮೂರನೆಯ ಸಿಲಿಂಡರ್. ಇನ್ನೂ ಮಿತಿಯ ಒಳಗೇ ಇತ್ತು. ಎಂಜಿನ್ ಬಿಸಿಯಾದಂತೆ ಮಿಸ್ಸಿಂಗ್ ತಾನಾಗಿ ಇಳಿದು, ಹೊತ್ತೇರುವಷ್ಟರಲ್ಲಿ ಏನೂ ಆಗಿಲ್ಲವೆಂಬಂತೆ ಓಡುತ್ತಿತ್ತು. ಮರುದಿನ ಇನ್ನಷ್ಟು ಹೆಚ್ಚು. ಫಕ್ಕೀರಪ್ಪ ಹೆದರಿ ಗಾಡಿಯನ್ನು ಅಂಗಳದಲ್ಲಿ ನಿಲ್ಲಿಸಿ, ಸುಗ್ಗಿಯ ಬಾಡಿಗೆಗಳನ್ನೆಲ್ಲ ಬೇರೆಯವರಿಗೆ ಬಿಟ್ಟುಕೊಟ್ಟು ಕೂತ.

ನೀಲಾಂಬಿಕಾ ಗೋಡೆಯ ಮುಂದೆ ಕೂತು ಯೋಚಿಸಿದಳು. ಹುಬ್ಬಳ್ಳಿಯಲ್ಲಿ ಇಲ್ಲದ್ದು ಬ್ಯಾಡಗಿಯಲ್ಲಿ ಏನಿದೆ? ತಣ್ಣಗಿದ್ದಾಗ ಇರುವುದು ಬಿಸಿಯಾದಾಗ ಎಲ್ಲಿಗೆ ಹೋಗುತ್ತದೆ? ದುರ್ಗಿ ನಿಂತಲ್ಲೇ ನಿಂತಿದ್ದರೂ ಅದರ ಹಳದಿ ಚುಕ್ಕೆ ಮಾತ್ರ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ತಪ್ಪದೆ ಹೊತ್ತಿ ಆರುತ್ತಿತ್ತು. ಪಾಪ, ಎಣ್ಣೆ ನೀರು ನೋಡುತ್ತಿದ್ದಾನೆ, ಎಷ್ಟು ಜೋಪಾನದ ಮನುಷ್ಯ ಎಂದುಕೊಂಡಳು. ಆಮೇಲೆ ಬ್ಯಾಗಿನಲ್ಲಿ ಉಪಕರಣ ತುಂಬಿಕೊಂಡು ಬ್ಯಾಡಗಿಯ ಬಸ್ಸು ಹತ್ತಿದಳು.

ಬ್ಯಾಡಗಿಗೆ ಬಂದವರು ಮೊದಲು ಸೀನಬೇಕು, ಆಮೇಲೆ ಮಾತಾಡಬೇಕು. ಸುಗ್ಗಿಯ ಕಾಲದಲ್ಲಿ ಆ ಊರಿನ ಗಾಳಿಯೇ ಕೆಂಪು. ಮಂಡಿಯ ಕಟ್ಟೆ ಕೆಂಪು, ಹಮಾಲರ ರೆಪ್ಪೆ ಕೆಂಪು, ನಾಯಿಯ ಬೆನ್ನೂ ಕೆಂಪು. ನೀಲಾಂಬಿಕಾ ನಾಲ್ಕು ಸಲ ಸೀನಿ ಫಕ್ಕೀರಪ್ಪನ ಅಂಗಳ ಹೊಕ್ಕಾಗ ಊರಿನ ಮಿಸ್ತ್ರಿ ಮೌಲಾಲಿ ಬಾನೆಟ್ ಎತ್ತಿಕೊಂಡು ಕಾಯುತ್ತಿದ್ದ.

ಅವಳು ಬಗ್ಗಿ ನೋಡಿದಳು. ಮೂರನೆಯ ಕಾಯಿಲಿನ ಟೊಪ್ಪಿಗೆಯ ಸುತ್ತ, ಅದು ಅಲ್ಯೂಮಿನಿಯಂ ಮುಚ್ಚಳದೊಳಗೆ ಇಳಿಯುವ ಸಂದಿಯಲ್ಲಿ, ಕೆಂಪು ಪುಡಿ ಮೆತ್ತಿಕೊಂಡಿತ್ತು. ತೇವದಿಂದ ಕೆಸರಿನಂತೆ ಕೂತಿತ್ತು. ಪುಡಿಯ ನಡುವೆ ಕೂದಲೆಳೆಯಂಥ ಕಪ್ಪು ಗೆರೆ. ಕಿಡಿ ಒಳಗಿನ ಪ್ಲಗ್ಗಿಗೆ ಹೋಗದೆ ಹೊರಗಿನಿಂದಲೇ ಮುಚ್ಚಳಕ್ಕೆ ಹಾರಿ ಸುಟ್ಟ ಗುರುತು ಅದು. ನೀರು ಇಳಿಜಾರು ಹುಡುಕುವ ಹಾಗೆ ಕರೆಂಟು ಸುಲಭದ ದಾರಿ ಹುಡುಕುತ್ತದೆ. ಇಬ್ಬನಿ ಕುಡಿದ ಈ ಪುಡಿ ಅದಕ್ಕೆ ದಾರಿ ಮಾಡಿಕೊಟ್ಟಿತ್ತು. ಎಂಜಿನ್ ಬಿಸಿಯಾಗಿ ತೇವ ಆರಿದ ಕೂಡಲೇ ದಾರಿ ಮುಚ್ಚಿಹೋಗುತ್ತಿತ್ತು.

"ಸಿಕ್ತು ಮೌಲಾಲಿ ಚಾಚಾ. ರೋಗ ಇಲ್ಲೈತಿ."

"ಅದಾ?" ಮೌಲಾಲಿಗೆ ನಿರಾಸೆಯಾಯಿತು. "ಅದು ಮೆಣಸಿನಕಾಯಿ ಧೂಳ್ರಿ. ನಾ ದಿನಾ ನೋಡತೇನಿ, ದಿನಾ ಗಾಳಿ ಹೊಡದು ಹಾರಸ್ತೇನಿ. ಈ ಊರಾಗ ಯಾವ ಬಾನೆಟ್ ಎತ್ತಿದ್ರೂ ಇದಽ."

ಆ ಮಾತೂ ಸರಿಯೇ. ತೇವ ಹೀರಿದರೂ ಮೆಣಸಿನಕಾಯಿ ಧೂಳಿಗೆ ಕರೆಂಟು ಹಾಯಿಸುವ ಶಕ್ತಿ ಎಲ್ಲಿಯದು? ಹಾಗಿದ್ದರೆ ಬ್ಯಾಡಗಿಯ ಎಲ್ಲ ಗಾಡಿಗಳೂ ದಾರಿಯಲ್ಲಿ ನಿಲ್ಲಬೇಕಿತ್ತು. ಮೌಲಾಲಿ ಬೆರಳ ತುದಿಗೆ ಪುಡಿ ಮುಟ್ಟಿಸಿ ನಾಲಿಗೆಗೆ ಇಟ್ಟುಕೊಂಡ.

"ಖಾರ ಐತೇನು?" ನೀಲಾಂಬಿಕಾ ಕೇಳಿದಳು.

"ಇಲ್ರಿ. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಎಲ್ಲಿಂದ ಬರಬೇಕ್ರಿ? ಬಣ್ಣ ಅಷ್ಟ."

ಬೇರೆ ಊರಾಗಿದ್ದರೆ ಖಾರವಿಲ್ಲದ ಕೆಂಪು ಪುಡಿ ಅಲ್ಲೇ ಸಿಕ್ಕಿಬೀಳುತ್ತಿತ್ತು. ಈ ಊರಿನಲ್ಲಿ ಖಾರವಿಲ್ಲದ್ದೇ ಅದು ಮೆಣಸಿನಕಾಯಿ ಎನ್ನಲು ಸಾಕ್ಷಿಯಾಯಿತು. ನೀಲಾಂಬಿಕಾ ಬಿಳಿ ಬಟ್ಟೆಯ ತುಂಡಿನಿಂದ ಪುಡಿಯನ್ನು ಒರೆಸಿ ತೆಗೆದು, ಹುಬ್ಬಳ್ಳಿಗೆ ಒಯ್ದು ಪರೀಕ್ಷೆ ಮಾಡಿಸೋಣವೆಂದು ಬಟ್ಟೆಯನ್ನು ಕೈಯಲ್ಲೇ ಹಿಡಿದುಕೊಂಡಳು.

ಅಷ್ಟರಲ್ಲಿ ಹೊನ್ನವ್ವ ಒಳಗಿಂದ ಕರೆದಳು. ಗಿಡ್ಡನೆಯ, ಗಟ್ಟಿ ಮೈಕಟ್ಟಿನ ಹೆಂಗಸು. ಗಂಡ ಒಂದು ಮಾತಾಡುವಷ್ಟರಲ್ಲಿ ಹತ್ತು ಕೆಲಸ ಮುಗಿಸುವವಳು.

"ಗಾಡಿ ಎಲ್ಲೀಗೂ ಓಡಿ ಹೋಗೂದಿಲ್ರಿ ಅಕ್ಕಾರ. ಓಡಿ ಹೋಗೂದಾಗಿದ್ರ ಇಷ್ಟ ತ್ರಾಸ ಯಾಕ ಇರತಿತ್ತು? ಬರ್ರಿ, ಗಿರಮಿಟ್ ಕಲಸೇನಿ."

ಫಕ್ಕೀರಪ್ಪನೂ ಮೌಲಾಲಿಯೂ ಅಂಗಳದಲ್ಲೇ ಎಂಜಿನ್ನಿನ ಮುಂದೆ ವಾದ ಮಾಡುತ್ತ ಉಳಿದರು. ನೀಲಾಂಬಿಕಾ ಪಡಸಾಲೆಯಲ್ಲಿ ಚಾಪೆಯ ಮೇಲೆ ಕೂತಳು. ಬಟ್ಟೆಯ ತುಂಡನ್ನು ತಟ್ಟೆಯ ಪಕ್ಕ ಇಟ್ಟಳು. ಮಂಡಕ್ಕಿಯ ಮೇಲೆ ಸಣ್ಣಗೆ ಹೆಚ್ಚಿದ ಈರುಳ್ಳಿ, ಪುಠಾಣಿ ಹಿಟ್ಟು, ಪಕ್ಕದಲ್ಲಿ ಅರ್ಧ ನಿಂಬೆಹಣ್ಣು. ಅವಳು ಹಣ್ಣು ಹಿಂಡಿದಳು. ರಸದಲ್ಲಿ ಅರ್ಧ ಮಂಡಕ್ಕಿಗೆ ಬಿತ್ತು, ಅರ್ಧ ಬೀಜದ ಸಮೇತ ಬಟ್ಟೆಗೆ ಹಾರಿತು.

ರಸ ಬಿದ್ದಲ್ಲಿ ಕೆಂಪು ಹಳದಿಯಾಯಿತು.

ನೀಲಾಂಬಿಕಾ ಎತ್ತಿದ ತುತ್ತನ್ನು ಕೆಳಗಿಟ್ಟಳು. ಮೆಣಸಿನಕಾಯಿಗೆ ನಿಂಬೆಹುಳಿ ಬಿದ್ದರೆ ಬಾಯಲ್ಲಿ ನೀರು ಬರುತ್ತದೆಯೇ ಹೊರತು ಬಣ್ಣ ಬದಲಾಗುವುದಿಲ್ಲ. ಹುಳಿ ಬಿದ್ದರೆ ಹಳದಿಗೆ ತಿರುಗುವ ಕೆಂಪು ಒಂದೇ: ಸುಣ್ಣ ತಿಂದು ಕೆಂಪಾದ ಅರಿಶಿಣ. ಸುಣ್ಣ, ಅದರ ಜೊತೆ ಬೆರೆಸುವ ಪಟಿಕ, ಮೇಲೆ ಇಬ್ಬನಿಯ ತೇವ. ಕರೆಂಟಿಗೆ ಇದಕ್ಕಿಂತ ಒಳ್ಳೆಯ ರಾಜಮಾರ್ಗ ಬೇಕೇ? ಅವಳು ತಲೆಯೆತ್ತಿದಳು. ಎದುರಿಗೆ ಹೊನ್ನವ್ವನ ಹಣೆಯಲ್ಲಿ ಕಾಸಗಲದ ಕುಂಕುಮ. ನೀರಿನ ಲೋಟ ಹಿಡಿದ ಬಲಗೈಯ ಉಂಗುರದ ಬೆರಳಿನ ತುದಿ ಕೆಂಪಗಿತ್ತು.

ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹೊತ್ತುತ್ತಿದ್ದ ಹಳದಿ ಚುಕ್ಕೆ ಅವಳ ಕಣ್ಣ ಮುಂದೆ ಬಂತು. ರೋಗ ಪೂರ್ತಿ ಸಿಕ್ಕಿತ್ತು. ಆದರೆ ಅದನ್ನು ಹೇಳುವ ಧೈರ್ಯ ಅವಳಿಗೆ ಬರಲಿಲ್ಲ. ಸುಮ್ಮನೆ ಕಾಯಿಲ್ ಬದಲಿಸಿ, ಇಬ್ಬನಿಯದೇ ತಪ್ಪು ಎಂದು ಹೇಳಿ ಹೋಗಿಬಿಡಲೇ ಎಂದು ಒಂದು ಗಳಿಗೆ ಯೋಚಿಸಿದಳು. ಹೋದರೆ ಮೂರೇ ದಿನದಲ್ಲಿ ದುರ್ಗಿಗೆ ಬೀಗ ಬೀಳುತ್ತದೆ.

ಅವಳ ಕಷ್ಟವನ್ನು ಹೊನ್ನವ್ವನೇ ತಪ್ಪಿಸಿದಳು. ಅವಳ ಕಣ್ಣು ತಟ್ಟೆಯ ಪಕ್ಕದ ಬಟ್ಟೆಯ ಮೇಲೆ ಬಿದ್ದಿತ್ತು. ವರ್ಷಕ್ಕೊಮ್ಮೆ ಮನೆಯಲ್ಲೇ ಕುಂಕುಮ ಮಾಡುವವಳು ಅವಳು. ನಿಂಬೆರಸ ಬಿದ್ದರೆ ಕುಂಕುಮ ಏನಾಗುತ್ತದೆ ಎಂಬುದನ್ನು ಯಾರೂ ಅವಳಿಗೆ ಹೇಳಿಕೊಡಬೇಕಿರಲಿಲ್ಲ.

"ಇದು ಎಲ್ಲಿಂದ ಒರಿಸಿದ್ರಿ?" ಎಂದಳು ಮೆಲ್ಲಗೆ.

"ಎಂಜಿನ್ ಮ್ಯಾಲಿಂದ."

"ಇದು ನಂದಽ ಕುಂಕುಮ." ಹೊನ್ನವ್ವ ಲೋಟ ಕೆಳಗಿಟ್ಟು ಅಲ್ಲೇ ಕುಸಿದು ಕೂತಳು. "ಗಾಡಿ ನಾನಽ ನಿಲ್ಲಿಸಿದ್ನೇನ್ರಿ?"

"ಹಂಗಲ್ಲ ಹೊನ್ನಕ್ಕ..."

"ದಿನಾ ನಸುಕಿನ್ಯಾಗ ಒಂದ ಬೊಟ್ಟು ಇಡತಿದ್ದೆ. ಅವರು ಜಳಕಾ ಮಾಡೂ ಹೊತ್ತಿಗೆ. ಮೊದಲನೇ ಸಲ ನಿಂತ ಮ್ಯಾಲೆ ಅಂಜಿಕಿ ಬಂದು ಸಂಜೀಕೂ ಇಡಾಕ ಹತ್ತಿದೆ. ನಿಂತಷ್ಟೂ ಜಾಸ್ತಿ ಹಚ್ಚಿದೆ." ಅವಳು ತನ್ನ ಕೆಂಪು ಬೆರಳನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡಳು. "ಅವರು ಗೇಟ್ ದಾಟಿದ ಮ್ಯಾಲೆ ನನ್ನ ಕೈಯಾಗ ಏನೂ ಇರೂದಿಲ್ರಿ. ಇದೊಂದ ಇತ್ತು."

ನೀಲಾಂಬಿಕಾ ಡ್ರೈವರನನ್ನು ಕೇಳಿದ್ದಳು, ಮಿಸ್ತ್ರಿಯನ್ನು ಕೇಳಿದ್ದಳು, ಅನಿಲ ತುಂಬಿಸುವ ಬಂಕಿನವರನ್ನೂ ಕೇಳಿದ್ದಳು. ಈ ಹೆಂಗಸನ್ನು ಕೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

"ಎಲ್ಲಾರೂ ಹಣಿಗೆ ಇಡತಾರ, ಸ್ಟೇರಿಂಗಿಗೆ ಇಡತಾರ. ನೀವು ಒಳಗ, ಅದೂ ಆ ಮೂರನೇದ್ದಕ್ಕಽ ಯಾಕ ಇಟ್ರಿ?"

ಹೊನ್ನವ್ವ ಆಶ್ಚರ್ಯದಿಂದ ಅವಳ ಮುಖ ನೋಡಿದಳು.

"ನೀವಽ ತೋರಸಿದ್ರಲ್ಲ. ಗಾಡಿ ಕೊಟ್ಟ ದಿನ ನಾ ಕೇಳಿದೆ, ಹೊಗಿ ಇಲ್ಲ, ವಾಸನಿ ಇಲ್ಲ, ಇದರ ಜೀವ ಎಲ್ಲೈತ್ರಿ ಅಂತ. ನೀವು ಬಟ್ಟ ಇಟ್ಟು ಹೇಳಿದ್ರಿ, ಇದಽ ಇದರ ಜೀವ, ಛಲೋತಂಗ ನೋಡಿಕೋರಿ ಅಂತ."

ಹೌದು, ಹೇಳಿದ್ದಳು. ಕಿಡಿ ಹುಟ್ಟುವ ಜಾಗ ಎಂಬುದನ್ನು ಸುಲಭ ಮಾಡಿ ಹೇಳಲು ಹೋಗಿ, ಹತ್ತಿರವಿದ್ದ ಕಾಯಿಲಿನ ಮೇಲೆ ಬೆರಳಿಟ್ಟು, ಜೀವ ಎಂದು ಬಾಯಿಗೆ ಬಂದ ಮಾತು ಆಡಿದ್ದಳು. ಜೀವ ಎಂದರೆ ಹೇಗೆ ನೋಡಿಕೊಳ್ಳಬೇಕೋ ಹೊನ್ನವ್ವ ಹಾಗೆಯೇ ನೋಡಿಕೊಂಡಿದ್ದಳು.

ಬಾಗಿಲಲ್ಲಿ ನಿಂತಿದ್ದ ಫಕ್ಕೀರಪ್ಪ ಅಷ್ಟೂ ಮಾತು ಕೇಳಿಸಿಕೊಂಡಿದ್ದ. ಅವನು ಬೈಯಲಿಲ್ಲ. ಎದೆಯ ಮೇಲಿನ ಭಾರ ಇಳಿದ ಖುಷಿಗೆ ಬಿದ್ದು ಬಿದ್ದು ನಕ್ಕ.

"ಕೂಸು ಕಂಕಳಾಗ ಇಟ್ಟುಕೊಂಡು ಊರೆಲ್ಲಾ ಹುಡುಕಿದ್ವಲ್ಲೋ ಮೌಲಾಲಿ! ನಮ್ಮ ಮನಿಯಾಕಿನಽ ಬ್ರೇಕ್ ಹಾಕಾಕತ್ತಿದ್ದಳಂತ."

ಬೈದಿದ್ದರೇ ವಾಸಿಯಿತ್ತೇನೋ. ಹೊನ್ನವ್ವ ಎದ್ದು ಒಳಗೆ ಹೋದವಳು ನೀಲಾಂಬಿಕಾ ಹೊಸ ಕಾಯಿಲ್ ಕೂರಿಸಿ, ಸಂದಿಯನ್ನೆಲ್ಲ ತೊಳೆದು ಒಣಗಿಸಿ, ಹೊರಟು ನಿಂತರೂ ಹೊರಗೆ ಬರಲಿಲ್ಲ.

ದುರ್ಗಿ ಗುಣವಾದಳು. ದಿನವೂ ನಸುಕಿನಲ್ಲಿ ಹಸಿರು ದೀಪ ಹೊತ್ತಿಕೊಂಡು ಹೆದ್ದಾರಿ ಸೇರಿ, ದಾವಣಗೆರೆ ದಾಟಿ, ಕಿವಿಗೆ ಒಂದು ಗೊಣಗಾಟಕ್ಕೂ ಅವಕಾಶ ಕೊಡದೆ ಓಡಿತು. ಮುಳಗುಂದರು ದೀಪದ ಕೆಳಗೆ ನಿಂತು ತಲೆಯಾಡಿಸಿ ಹೋದರು. ಹಳದಿ ಚುಕ್ಕೆ ಮಾತ್ರ ಹೊತ್ತುತ್ತಿರಲಿಲ್ಲ. ನೀಲಾಂಬಿಕಾ ದಿನವೂ ಅದನ್ನೇ ನೋಡುತ್ತಿದ್ದಳು.

ಒಂದು ದಿನ ಫಕ್ಕೀರಪ್ಪ ಫೋನು ಮಾಡಿದ. ಬಹಳ ಹೊತ್ತು ಮೆಣಸಿನಕಾಯಿಯ ರೇಟು, ರಸ್ತೆಯ ಗುಂಡಿ ಎಂದು ಸುತ್ತಿ ಬಳಸಿ ಮಾತಾಡಿದ.

"ಏನಾತು ಕಾಕಾ? ಗಾಡಿ ಮತ್ತ ಮಿಸ್ಸಿಂಗಾ?"

"ಗಾಡಿ ಛಲೋ ಐತ್ರಿ. ಈಗ ಮನಿ ಮಿಸ್ಸಿಂಗ್ ಹೊಡಿಯಾಕತ್ತೈತಿ." "ಮಂಡಿಯಾಗ ನಾಕ ಮಂದಿ ಮುಂದ ಆ ಕಥಿ ನಗಚಾಟಿಕೀಗೆ ಹೇಳಿದೆ. ಅದು ಊರೆಲ್ಲಾ ಸುತ್ತಿ ನಳದ ಹತ್ರ ಆಕೀ ಕಿವಿಗೇ ಬಿತ್ತು. ಫಕ್ಕೀರಪ್ಪನ ಹೇಣತಿ ಗಂಡನ ಲಾರಿ ನಿಲ್ಲಸಾಕ ಕುಂಕುಮ ಹಚ್ಚತಾಳಂತ ಅಂತ ಮಂದಿ ಆಡಿಕೊಂಡ್ರು. ಈಗ ಆಕಿ ಗಾಡೀನ ಮುಟ್ಟಂಗಿಲ್ಲ. ಹಣಿಗೂ ಬೊಟ್ಟಿಲ್ಲ. ನಾ ಹೊಂಟಾಗ ಗೇಟಿನ ತನಕ ಬರತಿದ್ಲು, ಅದೂ ಬಿಟ್ಟಾಳ. ನನ್ನ ಕೈ ಕೆಟ್ಟೈತಿ ಅಂತಾಳ್ರಿ. ಬಾಯಿ ಕೆಟ್ಟಿದ್ದು ನಂದು, ಕೈ ಕೆಟ್ಟೈತಿ ಅಂತ ಆಕಿ ಕುಂತಾಳ."

ನೀಲಾಂಬಿಕಾ ಫೋನಿಟ್ಟ ಮೇಲೆ ದುರ್ಗಿಯ ನಕ್ಷೆ ಬಿಡಿಸಿಕೊಂಡು ಕೂತಳು. ಪುಸಲಾಯಿಸುವ ಮಾತು ಹೇಳಿ ಹೊನ್ನವ್ವನನ್ನು ಒಪ್ಪಿಸಲು ಅವಳಿಗೆ ಇಷ್ಟವಿರಲಿಲ್ಲ. ಹಿಂದೊಮ್ಮೆ ಸುಲಭ ಮಾಡಿ ಹೇಳಲು ಹೋಗಿ ಆದದ್ದು ಸಾಕಿತ್ತು. ಈ ಸಲ ಬೆರಳಿಟ್ಟು ತೋರಿಸುವ ಜಾಗ ನಿಜವಾಗಿಯೂ ಅಂಥ ಜಾಗವಾಗಿರಬೇಕು. ಹುಡುಕಿದಳು. ಎಂಜಿನ್ನಿನ ಎಡಮೈಯಲ್ಲಿ, ಕಾಯಿಲು ವೈರುಗಳಿಂದ ದೂರ, ಕಿವಿಯ ಗುಂಡಿ ಅಂಟಿಕೊಂಡಿತ್ತು. ಅದರ ಮೇಲೆ ಮುಚ್ಚಳದಂತೆ ಕೂರುವ ರೂಪಾಯಿ ಅಗಲದ ಹಿತ್ತಾಳೆಯ ಬಿಲ್ಲೆಯೊಂದನ್ನು ಬರೆದಳು.

ಮುಳಗುಂದರು ನಕ್ಷೆಯನ್ನು ಕನ್ನಡಕದ ಮೇಲಿಂದ ನೋಡಿದರು, ಕೆಳಗಿಂದ ನೋಡಿದರು.

"ಈ ಬಿಲ್ಲೆ ಏನು ಕೆಲಸಾ ಮಾಡ್ತದ?"

"ಇದು ಇಲ್ಲದಿದ್ರ ಮೂರನೇ ಸಿಲಿಂಡರ್ ಮಿಸ್ಸಿಂಗ್ ಹೊಡೀತದ ಸರ್."

ಮುಳಗುಂದರಿಗೆ ಕಥೆಯೆಲ್ಲ ಗೊತ್ತಿತ್ತು. ಅವರು ನಗಲಿಲ್ಲ. ಪೆನ್ನು ತೆಗೆದವರು ಸಹಿ ಹಾಕುವ ಮೊದಲು, "ಬರೇ ದುರ್ಗಿಗೆ ಯಾಕ?" ಎಂದರು. "ಎಲ್ಲಾ ಗಾಡಿಗೂ ಹಾಕು. ಯಾರ ಮನಿಯೊಳಗ ಯಾರು ಏನು ಹಚ್ತಾರೋ, ನಮಗೇನು ಗೊತ್ತದ?"

ಬಿಲ್ಲೆಯನ್ನು ಕೂರಿಸಿದವನು ಮೌಲಾಲಿ. ತಿರುಪು ಬಿಗಿದ ಮೇಲೆ ಹೆಗಲ ಮೇಲಿನ ವಸ್ತ್ರದಿಂದ ಅದನ್ನು ಉಜ್ಜಿ, ತುಟಿಯಲ್ಲೇ ಏನೋ ಹೇಳಿಕೊಂಡು ತಾನೂ ಒಮ್ಮೆ ಬೆರಳು ಮುಟ್ಟಿಸಿದ. ಹೊನ್ನವ್ವ ಬಾಗಿಲ ಹಿಂದೆ ನಿಂತಿದ್ದಳು. ನೀಲಾಂಬಿಕಾ ಹತ್ತಿರ ಹೋದಳು.

"ಹೊನ್ನಕ್ಕ, ಇದು ಜೀವ ಅಲ್ಲ. ಆಗ ನಾ ತಿಳೀದ ಹೇಳಿದ್ದೆ, ಆ ತಪ್ಪು ನಂದು, ನಿಮ್ಮ ಕೈದಲ್ಲ. ಇದು ಗಾಡಿಯ ಕಿವಿ. ಇದರ ಮ್ಯಾಲೆ ಏನು ಮುಟ್ಟಿದ್ರೂ ಹುಬ್ಬಳ್ಳಿಯೊಳಗ ನನಗ ಕೇಳಸ್ತೈತಿ. ಕುಂಕುಮ ಎಷ್ಟ ಬೇಕಾದ್ರೂ ಇಡ್ರಿ, ಇಲ್ಲಿ ಕರೆಂಟಿನ ಸುದ್ದಿಯಿಲ್ಲ."

"ಬ್ಯಾಡ ಯವ್ವಾ," ಎಂದಳು ಹೊನ್ನವ್ವ. ಅಕ್ಕಾರ ಎನ್ನುತ್ತಿದ್ದವಳು ಮೊದಲ ಸಲ ಯವ್ವಾ ಎಂದಿದ್ದಳು. "ನನ್ನ ಕೈಲೆ ಏನೂ ಬ್ಯಾಡ. ಅವರು ಸುಖವಾಗಿ ಹೋಗಿ ಬಂದ್ರ ಸಾಕು."

ನೀಲಾಂಬಿಕಾ ಒತ್ತಾಯ ಮಾಡಲಿಲ್ಲ. ಸೋತ ಮುಖ ಹೊತ್ತು ಹುಬ್ಬಳ್ಳಿಗೆ ಮರಳಿದಳು.

ಮರುದಿನ ಚುಕ್ಕೆ ಹೊತ್ತಲಿಲ್ಲ. ಆಮೇಲಿನ ದಿನಗಳಲ್ಲೂ ಇಲ್ಲ. ದುರ್ಗಿ ಬರುತ್ತಿದ್ದಳು, ಹೋಗುತ್ತಿದ್ದಳು. ಬಿಲ್ಲೆಯ ನಕ್ಷೆ ಬೇರೆ ಬೇರೆ ಊರುಗಳಿಗೆ ಹೋಗಿ, ಬೇರೆ ಬೇರೆ ಗಾಡಿಗಳ ಮೈಗೆ ಹಿತ್ತಾಳೆ ಬಂತು. ನೀಲಾಂಬಿಕಾ ಬೆಳಗಿನ ಪಾಳಿಯನ್ನೇ ಕೇಳಿ ಪಡೆದು, ಚಹಾ ತಣ್ಣಗಾಗುವವರೆಗೂ ಒಂದೇ ಮೂಲೆ ನೋಡುತ್ತ ಕೂರುವುದನ್ನು ಮುಳಗುಂದರು ಕಂಡೂ ಕಾಣದಂತೆ ಇದ್ದರು.

ಬನಶಂಕರಿಯ ಹುಣ್ಣಿಮೆ ಕಳೆದ ಮೇಲೆ ಒಂದು ಬೆಳಿಗ್ಗೆ ಮಂಜು ದಟ್ಟವಾಗಿತ್ತು. ಹೆದ್ದಾರಿಯಲ್ಲಿ ಎದುರಿನ ಗಾಡಿ ಕಾಣದಷ್ಟು ಮಂಜು ಎಂದು ಸುದ್ದಿಯಿತ್ತು. ಅಂಥ ದಿನ ಗಂಡನನ್ನು ಗೇಟಿನಾಚೆ ಕಳಿಸುವ ಹೆಂಗಸಿನ ಎದೆಯಲ್ಲಿ ಏನಿರುತ್ತದೆಂದು ಯಾವ ಯಂತ್ರಕ್ಕೂ ಕೇಳಿಸುವುದಿಲ್ಲ. ನೀಲಾಂಬಿಕಾ ಗೋಡೆ ನೋಡುತ್ತಿದ್ದಳು.

ಸಾಸಿವೆಯಷ್ಟು ಹಳದಿ ಚುಕ್ಕೆ ಹೊತ್ತಿಕೊಂಡಿತು.

ಅವಳು ಲಾರಿಯ ಸದ್ದು ಕೇಳಿಸುವ ಹೆಡ್‌ಫೋನನ್ನು ತನ್ನ ಕಿವಿಗೆ ಒತ್ತಿ ಹಿಡಿದಳು. ಎಂಜಿನ್ ಇನ್ನೂ ಚಾಲೂ ಆಗಿರಲಿಲ್ಲ. ಕಬ್ಬಿಣದ ನಿಶ್ಶಬ್ದ. ಅದರ ನಡುವೆ ಒಂದು ಸಣ್ಣ ಸದ್ದು, ಒದ್ದೆ ಬೆರಳಿನ ತುದಿ ಹಿತ್ತಾಳೆಗೆ ತಾಗಿದ ಸದ್ದು. ಸ್ವಲ್ಪ ತಡೆದು ಇನ್ನೊಮ್ಮೆ. ಚುಕ್ಕೆ ಆರಿತು. ಆಮೇಲೆ ಎಂಜಿನ್ ಎದ್ದು, ಆರು ಸಿಲಿಂಡರುಗಳೂ ಒಂದರ ಹಿಂದೆ ಒಂದು ಬಡಿಯಲು ಹತ್ತಿದವು.

ಪರದೆಯ ಮೇಲೆ ಕಿವಿ ಪ್ರಶ್ನೆ ಕೇಳಿತು. ಎಂಜಿನ್ ಆರಿದ್ದಾಗ ಗುರುತಿಲ್ಲದ ಬಡಿತ. ಇದು ದೋಷವೇ?

ಅಲ್ಲ, ಎಂದು ಒತ್ತಿದಳು.

ಹಾಗಾದರೆ ಈ ಬಡಿತದ ಹೆಸರೇನು?

ನೀಲಾಂಬಿಕಾ ಕಣ್ಣೊರೆಸಿಕೊಂಡು, ಈ ಸಲ ಚೆನ್ನಾಗಿ ಯೋಚಿಸಿಯೇ, ಎರಡಕ್ಷರ ಬರೆದಳು: ಜೀವ.